ಮೆತ್ತನೆಯ ತೊಟ್ಟಿಲೆಂಬ ಮೋಸ

ಮನೆಗೆ ಹಸುಗೂಸು ಬರುತ್ತದೆ ಎಂದಾದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ತೊಟ್ಟಿಲು ಮೆತ್ತಗಿರಲಿ. ಹತ್ತಿ ತುಂಬಿದ ಹಾಸಿಗೆ, ಅದರ ಮೇಲೊಂದು ಸ್ಪಂಜು, ತಲೆಗೆ ದಿಂಬು, ಎರಡು ಮಗ್ಗುಲಿಗೆ ಎರಡು ಪುಟ್ಟ ಲೋಡು, ಕಂಬಿಗೆ ತಲೆ ತಾಗದಿರಲೆಂದು ಸುತ್ತಲೂ ಮೆತ್ತೆ, ಕಾಲ ಬಳಿ ಕರಡಿ ಗೊಂಬೆ, ಇವೆಲ್ಲದರ ಮೇಲೆ ಉಣ್ಣೆಯ ಹೊದಿಕೆ. ಇಷ್ಟೆಲ್ಲ ಇಟ್ಟು ಉಳಿದ ಜಾಗದಲ್ಲಿ ಮಗು. ಇದಕ್ಕೆ ಪ್ರೀತಿ ಎಂದು ಹೆಸರು. ಅಜ್ಜಿ ಹಾಗೆನ್ನುತ್ತಾರೆ, ಬೀಗರು ಹಾಗೆನ್ನುತ್ತಾರೆ, ಅಂಗಡಿಯವನಂತೂ ಬಿಲ್ಲು ಹರಿಯುತ್ತಲೇ ಹಾಗೆನ್ನುತ್ತಾನೆ. ಆಸ್ತಿ ಹಂಚಿಕೆಯಿಂದ ಅಡುಗೆಯ ಉಪ್ಪಿನವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ನಮ್ಮ ಕುಟುಂಬಗಳು ಈ ಒಂದು ವಿಷಯದಲ್ಲಿ ಮಾತ್ರ ಒಂದಾಗಿವೆ. ಮತ್ತು ಎಲ್ಲವೂ ಸೇರಿ ತಪ್ಪು ಮಾಡುತ್ತಿವೆ.

ಒಂದು ವರ್ಷದೊಳಗಿನ ಮಗು ನಿದ್ದೆ ಮಾಡುವಲ್ಲಿ ಇರಬೇಕಾದವು ಮೂರೇ: ಗಟ್ಟಿಯಾದ ಸಮತಟ್ಟು ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಬಟ್ಟೆ, ಅದರ ಮೇಲೆ ಅಂಗಾತ ಮಲಗಿದ ಮಗು. ನಾಲ್ಕನೆಯದು ಏನೇ ಇದ್ದರೂ ಅದು ದೊಡ್ಡವರ ಕಣ್ಣಿಗಾಗಿ, ದೊಡ್ಡವರ ಮಾನಕ್ಕಾಗಿ, ದೊಡ್ಡವರ ಫೋಟೊಗಾಗಿ ಇದೆ. ಮಗುವಿಗೆ ಅದರಿಂದ ಕೂದಲಷ್ಟೂ ಉಪಯೋಗವಿಲ್ಲ. ಅಪಾಯ ಮಾತ್ರ ಇದೆ.

ಅಪಾಯ ಹೇಗೆ ಎಂದು ಕೇಳುವವರು ಎರಡು ತಿಂಗಳ ಕೂಸಿನ ಮೈಯನ್ನು ಒಮ್ಮೆ ಗಮನಿಸಲಿ. ಮೈಗೆ ಹೋಲಿಸಿದರೆ ತಲೆ ಭಾರ. ಕತ್ತಿನಲ್ಲಿ ಬಲವಿಲ್ಲ. ಮುಖದ ಮೇಲೆ ಬಟ್ಟೆ ಬಿದ್ದರೆ ತೆಗೆಯಲು ಕೈಗೆ ಬಾರದು, ಮೂಗು ದಿಂಬಿನಲ್ಲಿ ಹೂತರೆ ತಲೆ ಹೊರಳಿಸಲು ಆಗದು. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹುದುಗಿದ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಪ್ರತಿ ಉಸಿರಿಗೂ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ತಲೆಯ ಕಡೆ ಎತ್ತರಿಸಿದ ಅಥವಾ ತಗ್ಗಾಗಿ ಬಾಗಿದ ಹಾಸಿನಲ್ಲಿ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಇಲ್ಲಿ ಚೀರಾಟವಿಲ್ಲ, ಒದ್ದಾಟವಿಲ್ಲ. ಅತ್ತಿದ್ದರೆ ಯಾರಾದರೂ ಓಡಿ ಬರುತ್ತಿದ್ದರು. ಪಕ್ಕದಲ್ಲೇ ಕುಳಿತವರಿಗೂ ಅದು ಗಾಢ ನಿದ್ದೆಯಂತೆಯೇ ಕಾಣುತ್ತದೆ.

ಅಮೆರಿಕದಲ್ಲಿ ನಿದ್ದೆಯಲ್ಲೇ ತೀರಿಹೋಗುವ ಶಿಶುಗಳ ಸಂಖ್ಯೆ ವರ್ಷಕ್ಕೆ ಸುಮಾರು 3,500. ಅದು ಎಣಿಸುವ ದೇಶ, ಆದ್ದರಿಂದ ಸಂಖ್ಯೆ ಇದೆ. ನಮ್ಮಲ್ಲಿ? ಮಲಗಿದ್ದ ಮಗು ಏಳಲಿಲ್ಲ ಎಂದರೆ 'ಹಾಲು ನೆತ್ತಿಗೇರಿತು' ಎನ್ನುತ್ತೇವೆ, 'ದೃಷ್ಟಿಯಾಯಿತು' ಎನ್ನುತ್ತೇವೆ, 'ಬಾಲಗ್ರಹ' ಎನ್ನುತ್ತೇವೆ, 'ಋಣ ಅಷ್ಟೇ ಇತ್ತು' ಎಂದು ಮಣ್ಣು ಮಾಡಿ ಬರುತ್ತೇವೆ. ಮಗುವಿನ ಮುಖದ ಬಳಿ ಏನಿತ್ತು, ಹಾಸಿಗೆ ಹೇಗಿತ್ತು, ಹೇಗೆ ಮಲಗಿಸಿದ್ದರು ಎಂದು ಕೇಳುವ ಧೈರ್ಯ ಯಾರಿಗಿದೆ? ಕೇಳುವವರೇ ಇಲ್ಲದ ಮೇಲೆ ಲೆಕ್ಕ ಎಲ್ಲಿಂದ ಬರಬೇಕು? ಲೆಕ್ಕವಿಲ್ಲದ್ದನ್ನೇ 'ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ' ಎಂದು ಓದಿಕೊಳ್ಳುವುದು ನಮ್ಮ ಜಾಣತನ.

ಇಲ್ಲಿಗೆ ಬಂದಾಗ ಒಂದು ಬ್ರಹ್ಮಾಸ್ತ್ರ ಹೊರಬೀಳುತ್ತದೆ: 'ನಾವೆಲ್ಲ ಹಾಗೇ ಬೆಳೆದವರು, ನಮಗೇನಾಯಿತು?' ಈ ವಾದ ಮಾಡಲು ಬದುಕಿ ಉಳಿದಿರಬೇಕು, ಅದೇ ಅದರ ಹುಳುಕು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಆ 129 ಮಕ್ಕಳೂ ತೊಟ್ಟಿಲಿನಿಂದಲೇ ಸತ್ತರೆಂದು ನಾನು ಹೇಳುತ್ತಿಲ್ಲ. 'ನಮ್ಮ ಕಾಲ' ಎಂದು ಎದೆಯುಬ್ಬಿಸಿ ಕರೆಯುವ ಕಾಲ ಎಂಥದ್ದಾಗಿತ್ತು ಎಂದು ನೆನಪಿಸುತ್ತಿದ್ದೇನೆ. ಹಳೆಯ ಮನೆಗಳಲ್ಲಿ ಅಜ್ಜಿಯರನ್ನು ಎಷ್ಟು ಹೆತ್ತಿರಿ ಎಂದು ಕೇಳಿದರೆ ಒಂದು ಸಂಖ್ಯೆ, ಎಷ್ಟು ಉಳಿದವು ಎಂದು ಕೇಳಿದರೆ ಇನ್ನೊಂದು ಸಂಖ್ಯೆ. ಆ ಎರಡರ ನಡುವೆ ಇರುವವರು ಯಾವ ನಾಮಕರಣಕ್ಕೂ ಬಂದು 'ನಮಗೆ ಹೀಗಾಯಿತು' ಎಂದು ಸಾಕ್ಷಿ ಹೇಳಲಾರರು.

ರೂಢಿ ಕೊಲ್ಲಬಲ್ಲದು ಎಂಬುದಕ್ಕೆ ಪುರಾವೆ ಬೇಕಿದ್ದರೆ ಹಳ್ಳಿಯ ಅಜ್ಜಿಯರನ್ನು ಬಿಟ್ಟು ಪಶ್ಚಿಮದ ಪಂಡಿತರತ್ತ ನೋಡಿ. ಲಕ್ಷಾಂತರ ಅಮೆರಿಕನ್ ಮನೆಗಳಲ್ಲಿ ವೇದವಾಕ್ಯವಾಗಿದ್ದ ಡಾ. ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1958ರ ಆವೃತ್ತಿಯಲ್ಲಿ ಮಗುವನ್ನು ಬೋರಲು ಮಲಗಿಸಿ ಎಂದಿತು. ಅಂಗಾತ ಮಲಗಿದ ಮಗು ಕಕ್ಕಿದರೆ ಉಸಿರುಗಟ್ಟುತ್ತದೆ ಎಂಬುದು ಕಾರಣ. ಕೇಳಲು ಎಷ್ಟು ಸರಿಯಾಗಿದೆ! ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳಕ್ಕೆ ಹೋಗುವುದು ಕಷ್ಟ. ಬೋರಲು ಮಲಗಿಸಿದಾಗಲೇ ಅದು ಸುಲಭ. ಬೋರಲು ಮಲಗಿಸುವುದು ಅಪಾಯ ಎಂಬುದಕ್ಕೆ 1970ರ ಹೊತ್ತಿಗೇ ಸಾಕಷ್ಟು ಪುರಾವೆ ಇತ್ತು, ಅದನ್ನು ಆಗಲೇ ಒಟ್ಟುಗೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವು ತಪ್ಪಿಸಬಹುದಿತ್ತು ಎಂದು 2005ರಲ್ಲಿ ಪ್ರಕಟವಾದ ಬ್ರಿಟಿಷ್ ಸಂಶೋಧಕರ ಅಧ್ಯಯನವೊಂದು ಅಂದಾಜು ಮಾಡಿತು. ಬ್ರಿಟನ್ 1991ರಲ್ಲಿ, ಅಮೆರಿಕ 1994ರಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರಕ್ಕೆ ಇಳಿದವು. ಅಮೆರಿಕದಲ್ಲಿ ಶಿಶುಗಳ ಹಠಾತ್ ಸಾವಿನ ಪ್ರಮಾಣ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ, ಮಗುವನ್ನು ಮಲಗಿಸುವ ಮಗ್ಗುಲು ಬದಲಾಯಿತು, ಅಷ್ಟೇ.

ನಮ್ಮ ಹೆಂಗಸರು ಚಾಪೆಯ ಮೇಲೆ ಮಡಿಸಿದ ಕೌದಿ ಹಾಸಿ ಮಗುವನ್ನು ಅಂಗಾತ ಮಲಗಿಸುತ್ತಿದ್ದರಲ್ಲ, ಆ ಗಟ್ಟಿ ನೆಲದ ಹಾಸಿಗೆ ಇಂದಿನ ಮಕ್ಕಳ ವೈದ್ಯರು ಹೇಳುವುದಕ್ಕೆ ತೀರಾ ಹತ್ತಿರವಿತ್ತು. ತಮಾಷೆ ನೋಡಿ: 'ಹಿಂದಿನವರು ಮಾಡಿದ್ದೇ ಸರಿ' ಎಂದು ವಾದಿಸುವವರೇ ಹಿಂದಿನವರ ಸರಿಯಾದ ಅಭ್ಯಾಸವನ್ನು ಕೈಬಿಟ್ಟು, ಅವರ ಸಾಸಿವೆ ತುಂಬಿದ ದಿಂಬನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ಇನ್ನು ಅಂಗಡಿಯ ಕಡೆ ಬನ್ನಿ. ಅಮೆರಿಕದಲ್ಲಿ ಒಂದು ಬದಿಯ ಕಟಾಂಜನ ಕೆಳಗೆ ಜಾರುವಂಥ ತೊಟ್ಟಿಲುಗಳು ದಶಕಗಟ್ಟಲೆ ಮಾರಾಟವಾದವು. ತಾಯಿಗೆ ಬಗ್ಗುವ ಶ್ರಮ ಕಡಿಮೆ ಎಂಬುದು ಅದರ ಹೆಗ್ಗಳಿಕೆ. ಜಾರುವ ಬದಿಯ ಕೊಂಡಿ ಸಡಿಲಗೊಂಡು, ಹಾಸಿಗೆಗೂ ಕಟಾಂಜನಕ್ಕೂ ನಡುವೆ ಮಕ್ಕಳು ಸಿಕ್ಕಿಕೊಂಡು ಸತ್ತ ಮೇಲೆ 2011ರಲ್ಲಿ ಅವುಗಳ ತಯಾರಿಕೆ, ಮಾರಾಟ ಎರಡನ್ನೂ ಅಲ್ಲಿ ನಿಷೇಧಿಸಲಾಯಿತು. 2009ರಲ್ಲಿ ಮಾರುಕಟ್ಟೆಗೆ ಬಂದ ಫಿಶರ್-ಪ್ರೈಸ್ ಕಂಪನಿಯ 'ರಾಕ್ ಎನ್ ಪ್ಲೇ' ಎಂಬ ಇಳಿಜಾರು ತೂಗುಹಾಸಿಗೆ ಇನ್ನೂ ಚೆನ್ನಾಗಿ ಮಾರಾಟವಾಯಿತು. 2019ರ ಏಪ್ರಿಲ್‌ನಲ್ಲಿ ಹಿಂದಕ್ಕೆ ಕರೆಸಿಕೊಂಡಾಗ ಲೆಕ್ಕ ಸುಮಾರು 47 ಲಕ್ಷ. ಅದರಲ್ಲಿ ಮಲಗಿದ್ದ ಸುಮಾರು 100 ಶಿಶುಗಳ ಸಾವು ವರದಿಯಾಗಿದೆ ಎಂದು 2023ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿತು. ಕೊನೆಗೆ 2022ರಲ್ಲಿ ಕಾನೂನೇ ಬಂತು: 10 ಡಿಗ್ರಿಗಿಂತ ಹೆಚ್ಚು ಇಳಿಜಾರಾದ ಶಿಶು ಹಾಸಿಗೆಯೂ ಇಲ್ಲ, ಕಟಾಂಜನಕ್ಕೆ ಸುತ್ತುವ ಮೆತ್ತೆಯೂ ಇಲ್ಲ.

ಆ ಮೆತ್ತೆ, ಅಂದರೆ ಬಂಪರ್, ನಮ್ಮಲ್ಲಿ ಏನಾಗಿದೆ? ಉಡುಗೊರೆಯಾಗಿದೆ. ದಿಂಬು, ಲೋಡು, ಬಂಪರ್, ಹೊದಿಕೆ ಎಲ್ಲ ಒಂದೇ ಬಣ್ಣದಲ್ಲಿ ಹೊಂದಿಸಿ, ಪಾರದರ್ಶಕ ಚೀಲದಲ್ಲಿ ರಿಬ್ಬನ್ ಕಟ್ಟಿ, ಗಂಡಾದರೆ ನೀಲಿ ಹೆಣ್ಣಾದರೆ ಗುಲಾಬಿ ಎಂದು ಬೆಂಗಳೂರಿನ ಮಳಿಗೆಯಿಂದ ತಾಲ್ಲೂಕು ಪೇಟೆಯ ಬಟ್ಟೆ ಅಂಗಡಿಯವರೆಗೆ ನೇತುಹಾಕಿದ್ದಾರೆ. ಒಂದು ದೇಶದಲ್ಲಿ ಮಾರಿದರೆ ಅಪರಾಧವಾಗುವ ವಸ್ತು ಇನ್ನೊಂದು ದೇಶದಲ್ಲಿ 'ನವಜಾತ ಶಿಶುವಿಗೆ ವಿಶೇಷ' ಆಗುವುದು ಹೇಗೆ? ನಮ್ಮ ಮಕ್ಕಳ ಶ್ವಾಸಕೋಶ ಬೇರೆ ಕಾರ್ಖಾನೆಯಲ್ಲಿ ತಯಾರಾದದ್ದೇ? ಕಂಬಿಗೆ ತಲೆ ತಾಗಿದರೆ ಮಗುವಿಗೆ ಬೋರೆ ಬರಬಹುದು, ಅದು ಸಂಜೆಗೆ ಇಳಿಯುತ್ತದೆ. ಮೆತ್ತೆಗೆ ಮೂಗು ಒತ್ತಿದರೆ ಆಗುವುದಕ್ಕೆ ಸಂಜೆಯೇ ಇಲ್ಲ.

ಇನ್ನು ಕಬ್ಬಿಣದ ಸ್ಟ್ಯಾಂಡಿಗೆ ಸ್ಪ್ರಿಂಗು ಸಿಕ್ಕಿಸಿ ಬಟ್ಟೆಯ ಜೋಲಿ ತೂಗುಬಿಟ್ಟ ತೊಟ್ಟಿಲು. ಮಗು ಅತ್ತರೆ ಒಮ್ಮೆ ಎಳೆದು ಬಿಟ್ಟರೆ ಸಾಕು, ಅದೇ ಕುಣಿಯುತ್ತದೆ. ತೂಗುವವರಿಗೆ ಇದಕ್ಕಿಂತ ಸುಖವಿಲ್ಲ, ಒಪ್ಪುತ್ತೇನೆ. ಆದರೆ ಜೋಲಿಯೊಳಗೆ ಮಗು ಧನುಸ್ಸಿನಂತೆ ಬಾಗಿರುತ್ತದೆ, ಗದ್ದ ಎದೆಗೆ ಅಂಟಿರುತ್ತದೆ, ಎರಡು ಬದಿಯ ಬಟ್ಟೆ ಮುಖಕ್ಕೆ ಮುಚ್ಚಿಕೊಳ್ಳುತ್ತದೆ. ಮಗು ಸುಮ್ಮನಾಯಿತು ಎಂಬುದನ್ನೇ ನಾವು ಸುಖನಿದ್ರೆಯ ಪ್ರಮಾಣಪತ್ರ ಎಂದು ತಿಳಿದಿದ್ದೇವೆ. ಎದ್ದಿರುವಾಗ, ಕಣ್ಣೆದುರಿನಲ್ಲಿ ಒಂದಿಷ್ಟು ತೂಗಿ ಸಮಾಧಾನ ಮಾಡುವುದು ಬೇರೆ. ಮಲಗಿದ ಮೇಲೂ ಗಂಟೆಗಟ್ಟಲೆ ಅದರಲ್ಲೇ ಬಿಟ್ಟು ಅಡುಗೆಮನೆಗೆ ಹೋಗುವುದು ಬೇರೆ.

ಮನೆಯ ತೊಲೆಗೆ ಕಟ್ಟಿದ ಸೀರೆ ಜೋಲಿಯದು ಇನ್ನೊಂದು ಕಥೆ. ಕೂಸು ದೊಡ್ಡದಾದ ಮೇಲೂ ಅದನ್ನು ಬಿಚ್ಚುವುದಿಲ್ಲ. ಅಕ್ಕನೋ ಅಣ್ಣನೋ ಅದರಲ್ಲಿ ಕುಳಿತು ಗಿರಗಿರ ತಿರುಗುತ್ತಾರೆ, ಸೀರೆ ಹುರಿಗಟ್ಟಿ ಕುತ್ತಿಗೆಗೆ ಸುತ್ತುತ್ತದೆ. ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಇದು ಮತ್ತೆ ಮತ್ತೆ ಬರುತ್ತಲೇ ಇದೆ. ಓದಿ 'ಅಯ್ಯೋ ಪಾಪ' ಎಂದು ಪುಟ ಮಗುಚುತ್ತೇವೆ.

ಆದರೆ ಕಟ್ಟಡದ ಕೆಲಸದ ಜಾಗದಲ್ಲಿ ಎರಡು ಸಾರುವೆ ಗಳುಗಳ ನಡುವೆ ಜೋಲಿ ಕಟ್ಟಿ ಇಟ್ಟಿಗೆ ಹೊರುವ ತಾಯಿಗೆ ನಾನು ಉಪದೇಶ ಮಾಡಲಾರೆ. ನೆಲದಲ್ಲಿ ಮೊಳೆ, ನಾಯಿ, ಜೆಲ್ಲಿ. ಅವಳು ಮಗುವನ್ನು ಇನ್ನೆಲ್ಲಿ ಇಡಬೇಕು? ಅಲ್ಲಿ ತಪ್ಪಿತಸ್ಥರು ಬೇರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೋಣೆ ಇರಬೇಕು ಎಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ನರೇಗಾ ಕೂಲಿಗೆ ಹೋಗುತ್ತಿದ್ದ ತಾಯಂದಿರಿಗಾಗಿ ರಾಜ್ಯ ಸರ್ಕಾರ 'ಕೂಸಿನ ಮನೆ' ಯೋಜನೆ ತಂದಿತು. ಕಾಗದದ ಮೇಲೆ ಎಲ್ಲ ಇದೆ. ಬಹುಮಹಡಿ ಕಟ್ಟಡದ ಮೂವತ್ತನೆಯ ಅಂತಸ್ತಿನಲ್ಲಿ ಮಾಲೀಕನ ಮಗುವಿಗೆಂದು ಗೋಡೆಗೆ ಮೋಡ, ಚಂದ್ರ ಬಿಡಿಸುವಾಗ, ಅದೇ ಕಟ್ಟಡಕ್ಕೆ ಗಾರೆ ಹೊತ್ತವಳ ಮಗು ಗಳುವಿಗೆ ನೇತಾಡುತ್ತಿದ್ದರೆ ನಾಚಿಕೆ ಯಾರಿಗೆ ಆಗಬೇಕು? ಜೋಲಿ ಬೇಡ ಎನ್ನುವವರು ಮೊದಲು ಆ ಕೋಣೆ ತೆರೆಸಲಿ.

ಆ ಮೋಡ, ಚಂದ್ರರ ಕೋಣೆಯನ್ನೂ ಬಿಡುವಂತಿಲ್ಲ. ಹುಟ್ಟಿದ ಮಗುವಿಗೆ ಪ್ರತ್ಯೇಕ ಕೋಣೆ, ಅದರಲ್ಲೊಂದು ಕ್ಯಾಮೆರಾ, ಅಪ್ಪ ಅಮ್ಮನ ಕೈಯಲ್ಲೊಂದು ಮೊಬೈಲು. ಇದು ಹೊಸ ಅಂತಸ್ತಿನ ಗುರುತು. ಮೊದಲ 6 ತಿಂಗಳಾದರೂ ಮಗು ತಂದೆ ತಾಯಿ ಮಲಗುವ ಕೋಣೆಯಲ್ಲೇ, ಕೈಗೆಟುಕುವಷ್ಟು ಹತ್ತಿರ, ತನ್ನದೇ ಗಟ್ಟಿ ಹಾಸಿನ ಮೇಲೆ ಮಲಗಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಅಮೆರಿಕದವರ ಬಾಗಿಲು, ಬಣ್ಣ, ಬಂಪರ್ ಎಲ್ಲವನ್ನೂ ಆಮದು ಮಾಡಿಕೊಂಡ ನಮ್ಮವರು ಈ ಸಲಹೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಇನ್ನೊಂದು ತುದಿಯಲ್ಲಿ, ಮಗುವನ್ನು ಎದೆಗವಚಿಕೊಂಡು ಸೋಫಾದಲ್ಲೇ ತೂಕಡಿಸುವ ಅಪ್ಪಂದಿರಿದ್ದಾರೆ. ಮಗು ಮಲಗುವ ಜಾಗಗಳಲ್ಲೆಲ್ಲ ಅತ್ಯಂತ ಅಪಾಯದ್ದು ಅದೇ ಸೋಫಾ.

ಈಗ ಶಾಸ್ತ್ರದ ವಿಷಯ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿ ಮನಸೋಲದವರು ಯಾರು? ಸಾಗುವಾನಿ ಮರ, ಅರಗಿನ ಬಣ್ಣ, ಬದಿಯ ತುಂಬ ಪುರಾಣದ ಚಿತ್ರ. ತಲೆಮಾರು ದಾಟಿ ಬಾಳುವ ಕೆಲಸ ಅದು. ಅಂಥ ತೊಟ್ಟಿಲಿನ ಮೇಲೆ ನನಗೆ ಯಾವ ದೂರೂ ಇಲ್ಲ. ಅದರ ತಳ ಗಟ್ಟಿ ಹಲಗೆ. ದೂರು ಇರುವುದು ಅದರ ಮೇಲೆ ನಾವು ಪೇರಿಸುವುದರ ಬಗ್ಗೆ, ಅಟ್ಟದಿಂದ ಇಳಿಸಿದ ಯಾವುದೋ ಹಳೆಯ ತೊಟ್ಟಿಲಿಗೆ ಕೈಗೆ ಸಿಕ್ಕ ಪೇಂಟು ಬಳಿದು 'ಹೊಸದಾಯಿತು' ಎನ್ನುವುದರ ಬಗ್ಗೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಪೇಂಟಿನಲ್ಲಿ ಏನಿತ್ತೋ ಯಾರು ಬಲ್ಲರು? ಹಲ್ಲು ಬರುವಾಗ ಮಗು ಮೊದಲು ಕಚ್ಚುವುದು ತೊಟ್ಟಿಲ ಅಂಚನ್ನೇ. ಹಳೆಯ ತೊಟ್ಟಿಲ ಕಂಬಿಗಳ ನಡುವಿನ ಸಂದನ್ನು ಅಳೆದು ನೋಡಿದವರು ಎಷ್ಟು ಜನ? ಆರು ಸೆಂಟಿಮೀಟರಿಗಿಂತ ಅಗಲವಿದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಮುಹೂರ್ತಕ್ಕೆ ಗಳಿಗೆ ಲೆಕ್ಕ ಹಾಕುವ ನಾವು ಸಂದಿಗೆ ಅಳತೆಪಟ್ಟಿ ಹಿಡಿಯಲಾರೆವೆ?

ತೊಟ್ಟಿಲ ಶಾಸ್ತ್ರದಂದು ಗುಂಡುಕಲ್ಲನ್ನು ಮಲಗಿಸಿ ತೂಗಿ, ಹೂವು ಕಟ್ಟಿ, ಐದು ಜನ ಮುತ್ತೈದೆಯರು ಹಾಡಿ ಹರಸಲಿ. ಬೇಡ ಎಂದವರಾರು? ಆದರೆ ಶಾಸ್ತ್ರ ಮುಗಿದ ಮೇಲೂ ಹೂವಿನ ಹಾರ, ಜರಿಯ ಬಟ್ಟೆ, ಉಡುಗೊರೆಯ ಗೊಂಬೆಗಳು ತೊಟ್ಟಿಲಲ್ಲೇ ಇರುತ್ತವೆ. ಮಗುವಿಗೆ ಕುಲಾವಿ, ಅದರ ಮೇಲೆ ಎರಡು ಸುತ್ತು ಬಟ್ಟೆ, ಮೇಲೆ ಶಾಲು. ಹೊರಗೆ ಏಪ್ರಿಲ್ ಬಿಸಿಲು. ಮೈ ಅತಿಯಾಗಿ ಕಾಯುವುದೂ ಶಿಶುವಿನ ಹಠಾತ್ ಸಾವಿನ ಅಪಾಯ ಹೆಚ್ಚಿಸುವ ಕಾರಣಗಳಲ್ಲೊಂದು ಎಂದು ಯಾರು ಹೇಳಬೇಕು? ಕೊರಳಿಗೆ ಕಪ್ಪು ದಾರ, ದೃಷ್ಟಿ ತಾಗದಿರಲೆಂದು. ಆ ದಾರ ಎಲ್ಲೋ ಸಿಕ್ಕಿಕೊಂಡು ಬಿಗಿದರೆ ಯಾರ ದೃಷ್ಟಿಯನ್ನು ದೂರಬೇಕು? ತೊಟ್ಟಿಲ ಕೆಳಗೆ ಸಾಂಬ್ರಾಣಿ ಹೊಗೆ. ದೊಡ್ಡವರೇ ಕೆಮ್ಮುವ ಹೊಗೆಯಲ್ಲಿ ಹತ್ತು ದಿನದ ಕೂಸನ್ನು ಇಡುವುದು ಯಾವ ಆರೈಕೆ? ತಲೆ ಗುಂಡಗಾಗಲಿ ಎಂದು ಸಾಸಿವೆ ದಿಂಬು. ತಲೆಯ ಹಿಂಭಾಗ ಸ್ವಲ್ಪ ಚಪ್ಪಟೆಯಾದರೂ ಮಗು ಎದ್ದಿರುವಾಗ ಕಣ್ಣೆದುರು ಆಗಾಗ ಬೋರಲು ಹಾಕಿ ಆಡಿಸಿದರೆ, ಕೂರುವ ಹೊತ್ತಿಗೆ ಬಹುಪಾಲು ಸರಿಹೋಗುತ್ತದೆ. ಚಂದದ ತಲೆಗಾಗಿ ಉಸಿರನ್ನು ಪಣಕ್ಕಿಡುವ ಸೌಂದರ್ಯಪ್ರಜ್ಞೆಗೆ ನನ್ನ ನಮಸ್ಕಾರ.

ಇಷ್ಟೆಲ್ಲ ಗೊತ್ತಿದ್ದೂ ಬಾಯಿಬಿಡಲಾಗದ ಒಬ್ಬಳು ಪ್ರತಿ ಮನೆಯಲ್ಲೂ ಇದ್ದಾಳೆ. ಅವಳೇ ಬಾಣಂತಿ. ದಿಂಬು ತೆಗೆದಳೋ, 'ಏನೇ, ಕೂಸಿಗೆ ಒಂದು ದಿಂಬೂ ಗತಿಯಿಲ್ಲವೇನೇ?' ಶಾಲು ತೆಗೆದಳೋ, 'ನಾವು ನಾಲ್ಕು ಹೆತ್ತು ಸಾಕಿದವರು, ನೀನು ಮೊಬೈಲು ನೋಡಿ ಮಗು ಸಾಕುತ್ತೀಯ.' ತವರು ಕೊಟ್ಟ ಹಾಸಿಗೆ ಸೆಟ್ಟನ್ನು ಬೀರುವಿಗೆ ಸೇರಿಸಿದಳೋ, ಎರಡು ಮನೆಗಳ ನಡುವೆ ಮಾತು ಬೆಳೆಯುತ್ತದೆ. ಗಂಡ ಎಲ್ಲಿ? ಪಕ್ಕದಲ್ಲೇ ಇದ್ದಾನೆ, ಮೊಬೈಲಿನಲ್ಲಿ ತೊಟ್ಟಿಲಿನ ಫೋಟೊ ತೆಗೆಯುತ್ತಿದ್ದಾನೆ. 'ಅಮ್ಮ, ದಿಂಬು ಬೇಡ, ಡಾಕ್ಟರು ಹೇಳಿದ್ದಾರೆ' ಎಂಬ ಒಂದು ವಾಕ್ಯ ಅವನ ಗಂಟಲಿನಿಂದ ಹೊರಡುವುದಿಲ್ಲ. ಹತ್ತು ದಿನದ ಹಿಂದೆ ಹೊಲಿಗೆ ಹಾಕಿಸಿಕೊಂಡ ಹೆಣ್ಣೊಬ್ಬಳ ಮೇಲೆ ಇಡೀ ಬಳಗದೊಂದಿಗೆ ಜಗಳವಾಡುವ ಹೊಣೆ ಹೊರಿಸಿ ಅವನು ಎಷ್ಟು ಹಾಯಾಗಿದ್ದಾನೆ! ಅಪ್ಪ ಎನಿಸಿಕೊಳ್ಳಲು ಅದೊಂದು ವಾಕ್ಯವನ್ನಾದರೂ ಆಡಬೇಕಲ್ಲವೇ?

ವ್ಯವಸ್ಥೆಯದೂ ಇದೇ ಮೌನ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಲಸಿಕೆಯ ತಾರೀಖು ಹೇಳುತ್ತಾರೆ, ಬಿಲ್ಲಿನ ಬಾಕಿ ಇನ್ನೂ ಸ್ಪಷ್ಟವಾಗಿ ಹೇಳುತ್ತಾರೆ. ಈ ರಾತ್ರಿ ಮಗು ಎಲ್ಲಿ ಮಲಗುತ್ತದೆ ಎಂದು ಕೇಳುವವರು ಎಷ್ಟು ಮಂದಿ? ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ 6 ಸಲ ಹೋಗಬೇಕೆಂಬ ಕಾರ್ಯಕ್ರಮ ನಮ್ಮಲ್ಲೇ ಇದೆ. ಆ 6 ಭೇಟಿಗಳಲ್ಲಿ ಒಂದು ಸಲ ತೊಟ್ಟಿಲೊಳಗೆ ಬಗ್ಗಿ ನೋಡಿ 'ಇದನ್ನು ತೆಗೀರಿ ಅಕ್ಕ' ಎನ್ನಲು ಎರಡು ನಿಮಿಷ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 2007ರಲ್ಲಿ ಮಡಿಲು ಕಿಟ್ ಕೊಡಲು ಶುರುಮಾಡಿದ ರಾಜ್ಯ ಇದು. ಒಂದು ಗಟ್ಟಿ ಪುಟ್ಟ ಹಾಸು, ಹೊರಗಿನಿಂದ ಬಿಗಿಯಾಗಿ ಕಟ್ಟುವ ಸೊಳ್ಳೆಪರದೆ, ಒಂದು ಚಿತ್ರಪಟ ಕೊಡಲಾರದೇ? ಫಿನ್‌ಲೆಂಡ್ 1938ರಿಂದ ತಾಯಂದಿರಿಗೆ ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತಿದೆ, 1949ರಿಂದ ಬಡವ ಬಲ್ಲಿದರೆಂಬ ಭೇದವನ್ನೂ ತೆಗೆದಿದೆ. ಆ ಪೆಟ್ಟಿಗೆಯ ತಳಕ್ಕೆ ಹಾಸು ಹಾಕಿ ಮಗುವನ್ನು ಮಲಗಿಸುತ್ತಾರೆ. ಶ್ರೀಮಂತ ದೇಶದ ಮಕ್ಕಳು ತಲೆಮಾರುಗಳಿಂದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿ ಬೆಳೆದಿದ್ದಾರೆ, ಅದರಿಂದ ಅವರ ಮಾನವೇನೂ ಹೋಗಿಲ್ಲ.

2021ರ ಜನವರಿಯಿಂದ ಈ ದೇಶದಲ್ಲಿ ಐಎಸ್‌ಐ ಮುದ್ರೆಯಿಲ್ಲದ ಆಟಿಕೆ ಮಾರುವಂತಿಲ್ಲ. ಮಗು ದಿನಕ್ಕೆ ಅರ್ಧ ಗಂಟೆ ಅಲ್ಲಾಡಿಸುವ ಗಿಲಕಿಗೆ ಇರುವ ಕಟ್ಟುನಿಟ್ಟು, ಅದು ದಿನಕ್ಕೆ 14 ಗಂಟೆ ಕಳೆಯುವ ಹಾಸಿಗೆಗೂ ಬರಲಿ. ಬಂಪರ್ ಮತ್ತು ಇಳಿಜಾರು ಹಾಸಿಗೆಗಳ ಮಾರಾಟ ಇಲ್ಲಿಯೂ ನಿಲ್ಲಲಿ. ಹೆರಿಗೆ ಆಸ್ಪತ್ರೆಗಳು ಮಗುವನ್ನು ಮನೆಗೆ ಕಳಿಸುವ ಮುನ್ನ ಮಲಗಿಸುವ ಕ್ರಮವನ್ನು ತಾಯಿಗಷ್ಟೇ ಅಲ್ಲ, ಅಜ್ಜಿಗೂ ಅಪ್ಪನಿಗೂ ತೋರಿಸಿ ಕಳಿಸಲಿ. ತಾಯಿ ಕಾರ್ಡಿನಲ್ಲಿ ಲಸಿಕೆಯ ಸಾಲುಗಳ ಪಕ್ಕ ನಿದ್ದೆಯ ಜಾಗಕ್ಕೂ ಒಂದು ಸಾಲು ಇರಲಿ.

ಸರ್ಕಾರ ಏಳುವವರೆಗೆ ಕಾಯಬೇಕಿಲ್ಲ. ತೊಟ್ಟಿಲು ಕೊಳ್ಳಲು ಹೋದವರು ಚಂದ ಕೇಳಬೇಡಿ, ಅಳತೆ ಕೇಳಿ. ಕಂಬಿಗಳ ನಡುವೆ ತಂಪುಪಾನೀಯದ ತಗಡಿನ ಡಬ್ಬಿ ತೂರಿದರೆ ಅದನ್ನು ಬಿಟ್ಟು ಬನ್ನಿ. ಹಾಸಿಗೆಗೂ ಬದಿಗೂ ನಡುವೆ ಎರಡು ಬೆರಳು ಹೋದರೆ ಬಿಟ್ಟು ಬನ್ನಿ. ಅಂಗೈ ಒತ್ತಿ ತೆಗೆದಾಗ ಹಾಸಿಗೆಯಲ್ಲಿ ಗುಳಿ ಉಳಿದರೆ ಬಿಟ್ಟು ಬನ್ನಿ. ತೂಗುವ ತೊಟ್ಟಿಲಾದರೆ ನಿಂತಾಗ ಮಟ್ಟವಾಗಿ ನಿಲ್ಲುತ್ತದೆಯೇ ನೋಡಿ, ಮಗು ಮಗುಚಿಕೊಳ್ಳಲು ಕಲಿತ ದಿನ ಅದನ್ನು ಅಟ್ಟಕ್ಕೆ ಏರಿಸಿ. ಕೊಳ್ಳಲು ದುಡ್ಡಿಲ್ಲದವರು ಸಂಕೋಚಪಡಬೇಡಿ: ನಿಮ್ಮ ಮಗ್ಗುಲ ನೆಲದ ಮೇಲಿನ ಚಾಪೆ, ಬಿಗಿಯಾಗಿ ಮಡಿಸಿದ ಕೌದಿ, ಅಂಗಾತ ಮಲಗಿದ ಮಗು, ಇದಕ್ಕಿಂತ ಒಳ್ಳೆಯದನ್ನು ಯಾವ ಮಳಿಗೆಯೂ ಮಾರುವುದಿಲ್ಲ. ನಾಮಕರಣಕ್ಕೆ ಹೋಗುವವರು ದಿಂಬಿನ ಸೆಟ್ಟು ಒಯ್ಯಬೇಡಿ, ಬಾಣಂತಿಗೆ ಒಂದು ವಾರದ ಅಡುಗೆ ಮಾಡಿಕೊಡಿ. ಮನೆಯಲ್ಲಿ ಈಗಾಗಲೇ ಕೂಸು ಇರುವವರು ಹಿರಿಯರ ಮುನಿಸಿಗೆ, ಬೀಗರ ಬೇಸರಕ್ಕೆ, ಉಡುಗೊರೆ ಕೊಟ್ಟವರ ಕೊಂಕಿಗೆ ಹೆದರಬೇಡಿ. ಮುನಿದವರನ್ನು ಮುಂದಿನ ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿ ಸಮಾಧಾನ ಮಾಡಬಹುದು. ದಿಂಬನ್ನು ಮಾತ್ರ ಇವತ್ತು ರಾತ್ರಿಯೇ ತೆಗೆಯಿರಿ.